ಹಗುರಾದ ಬಲೆ

ಮಾರ್ಚ್ 3

ಮರಿಮೀನು ಮತ್ತೆ ಸೊನ್ನೆ. ಮೂರು ಸಲ ಎಳೆದರೂ ಒಂದು ಸೀಗಡಿ, ಎರಡು ಏಡಿ. ಜನವರಿಯಿಂದ ಇದೇ ಕಥೆ. ಕಳೆದ ವರ್ಷ ಹೊಳೆ ಕಡಲು ಸೇರುವ ಇದೇ ಅಳಿವೆಯಲ್ಲಿ ಮರಿಮೀನು ಅಳೆದೂ ಅಳೆದೂ ಬೆರಳು ಸುಕ್ಕಾಗಿತ್ತು.

"ನಿಮ್ಮ ಸೊಸೆ ಕಾಲ್ಗುಣ ಅಣ್ಣ, ಮೀನೆಲ್ಲ ಊರು ಬಿಟ್ವು," ಎಂದ ದೋಣಿಯವನು. ಮಾವ ಹಲ್ಲು ಕಿರಿದರು. ನನಗೆ ಉರಿಯಿತು.

ಭುಜ ಮಾತ್ರ ನೋಯುತ್ತಿಲ್ಲ. ಅಭ್ಯಾಸವಾಗಿರಬೇಕು.

ಮಾರ್ಚ್ 4, ಸಂಜೆ

ಮರಿಮೀನು ಲೆಕ್ಕ ಕೇಳಿ ಮೀನುಗಾರಿಕೆ ಇಲಾಖೆಯ ಸರ್ ಫೋನ್. "ಇಲ್ಲ ಅಂದ್ರೆ ಇಲ್ಲ ಅಂತ ಬರೀಮ್ಮ. ಹನ್ನೊಂದನೇ ತಾರೀಕು ಮೀಟಿಂಗ್."

ಮರಿಗಳಿಲ್ಲ ಎಂದರೆ ಅಳಿವೆ ಅಗೆದು ದೊಡ್ಡ ದೋಣಿ ನಿಲ್ಲುವ ಜೆಟ್ಟಿ ಕಟ್ಟುತ್ತಾರೆ. ಇವೆ ಎಂದರೆ ಮಾತ್ರ ಉಳಿಯುತ್ತದೆ. ಇಲ್ಲ ಎಂದೇ ಬರೆದೆ. ಕಳಿಸಿಯೂ ಬಿಟ್ಟೆ.

ಮಾರ್ಚ್ 9

ಐದು ದಿನದಿಂದ ತಲೆ ಕೆಟ್ಟಿದೆ. ಲೆಕ್ಕಕ್ಕಲ್ಲದಿದ್ದರೂ ಇನ್ನೊಮ್ಮೆ ಬಲೆ ಹಾಕಿಸಿದೆ. ಮಾವ, ದೋಣಿಯವನು ಎಳೆದರು. ನಾನು ಈಜುವ ಕನ್ನಡಕ ಹಾಕಿ ಮುಳುಗಿದೆ.

ಬಲೆಯ ಕೆಳಹಗ್ಗ ನೆಲ ಬಿಟ್ಟು ಗೇಣುದ್ದ ಮೇಲೆ... ಅದರಡಿಯಿಂದ ಮರಿಗಳು ಹಿಂಡುಹಿಂಡಾಗಿ ಹೊರಗೆ. ಹಗ್ಗ ತಡವಿದೆ — ಬಲೆ ತಳಕ್ಕೆ ಕೂರಲು ಕಟ್ಟುವ ಸೀಸದ ಗುಂಡು ಒಂದು ಬಿಟ್ಟು ಒಂದು ಮಾಯ.

ಬಲೆ ರಿಪೇರಿ ಮಾವನದೇ. ಕೇಳಿದೆ. ತಲೆ ತಗ್ಗಿಸಿದರು.

"ಭುಜ ನೋವು ಅಂತ ನರಳ್ತಿದ್ಯಲ್ಲಮ್ಮ. ಡಿಸೆಂಬರಲ್ಲಿ ಹೊಲಿಯೋವಾಗ ಅರ್ಧ ತೆಗೆದೆ. ಮೀನು ಹಿಡಿಯೋ ಬಲೆ ಆಗಿದ್ರೆ ಮುಟ್ತಿರ್ಲಿಲ್ಲ. ಇದು ಸುಮ್ನೆ ಎಣಿಸಿ ಬಿಡೋ ಬಲೆ ಅಲ್ವಾ ಅಂದ್ಕೊಂಡೆ."

ಕೋಪ ಬಂತು, ಅಳುವೂ ಬಂತು.

ಮಾರ್ಚ್ 10, ಬೆಳಿಗ್ಗೆ

ಗುಂಡು ಕಟ್ಟಿ ಎಳೆದೆವು. ತೊಟ್ಟಿ ತುಂಬ ಮರಿಗಳು, ಉಗುರಿನಷ್ಟು. ಖುಷಿಪಡಲೂ ಭಯ. ಸರ್‌ಗೆ ಫೋನ್ ಮಾಡಿ ಹೇಳಿದೆ, ಬಲೆಯ ಅರ್ಧ ಗುಂಡು ತೆಗೆದಿತ್ತು, ಮೂರು ತಿಂಗಳ ಲೆಕ್ಕ ತಪ್ಪು ಎಂದು.

"ಗುಂಡು ತೆಗೆದಿದ್ದು ಯಾರು?"

"ನಾನೇ ಸರ್."

"ಕೆಲಸ ಹೋಗುತ್ತೆ, ಗೊತ್ತಲ್ಲ?"

ಗೊತ್ತು. ಮಾವನ ಹೆಸರು ಹೇಳಿದರೆ ಜೆಟ್ಟಿಯವರಿಂದ ದುಡ್ಡು ತಿಂದರು ಎಂದು ಊರೇ ಉಗಿಯುತ್ತದೆ. ಮಾವ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು.

ಮಧ್ಯಾಹ್ನ

ಸರ್ ಜೀಪು ಬಂತು. ದಡದ ಮನೆ ಕಿಟಕಿಯಿಂದ ನೋಡುತ್ತಿದ್ದೇನೆ. ಮಾವ ಬಲೆ ಹೆಗಲಿಗೇರಿಸಿ ಎದುರು ಹೋದರು. ಬೇಡ ಎಂದೆ. ತಿರುಗಲಿಲ್ಲ.

"ಸೊಸೆ ಸುಳ್ಳು ಹೇಳಿದ್ಲು ಸರ್. ತೆಗೆದಿದ್ದು ನಾನು. ಅವಳನ್ನ ಬಿಡಿ. ಮೀನಿಲ್ಲ ಅಂತ ಮಾತ್ರ ಬರೀಬೇಡಿ, ನೀವೇ ಎಳೆದು ನೋಡಿ."

ಸರ್ ಬೂಟು ಕಳಚಿದರು. ಪ್ಯಾಂಟು ಮಡಚಿದರು. ಒಂದು ತುದಿ ಅವರು, ಒಂದು ತುದಿ ಮಾವ. ಇಬ್ಬರೂ ನೀರಿಗೆ. ಸರ್ ಈ ಕಡೆ ತಿರುಗಿ ಕೂಗುತ್ತಿದ್ದಾರೆ — "ಎಣಿಸೋರು ಯಾರಮ್ಮ, ಬಾ." ಮರಿ ಅಳೆಯುವ ಸ್ಕೇಲ್ ಎಲ್ಲಿ