ಮಡಿವಾಳ ಹಕ್ಕಿಯ ತೀರ್ಪು

೧೩ ಏಪ್ರಿಲ್ ೨೦೨೫, ಭಾನುವಾರ, ವಡಾಲ, ಮುಂಬೈ

ಸಂಜೆಯ ಸಭೆಯಲ್ಲಿ ಇಲ್ಲಿಯ ಕನ್ನಡ ಸಂಘದ ಕಾರ್ಯದರ್ಶಿ ಅಣ್ಣು ಆಡಿದ ಮಾತು ಇನ್ನೂ ಕಿವಿಯಿಂದ ಇಳಿದಿಲ್ಲ. "ಮಾಸ್ತರೇ, ನಿಮ್ಮ ಕನ್ನಡ ನಮ್ಮ ಮಕ್ಕಳಿಗೆ ಭಾರೀ ದೂರ ಮಾರಾಯ್ರೆ. ಈ ಸಲ ವಾರ್ಷಿಕೋತ್ಸವಕ್ಕೆ ನಿಮ್ಮ ಭಾಷಣ ಬೇಡ. ದೊಡ್ಡ ಸ್ಪೀಕರ್ ತರಿಸಿ ಡಾನ್ಸ್ ಇಡುವ." ಇಪ್ಪತ್ತೆರಡು ವರ್ಷ ಸ್ವಾಗತದ ನುಡಿ ನನ್ನದಾಗಿತ್ತು.

ದೂರವಂತೆ!

ಬೆಳಿಗ್ಗೆಯಷ್ಟೇ ಮೊಮ್ಮಗಳು ನಮಿತಾ ಕಾಲೇಜಿನ ಪ್ರಯೋಗಕ್ಕೆಂದು ಅಂಗಳದ ಮರದಡಿ ನಿಂತು, ತನ್ನ ದೂರವಾಣಿಯಿಂದ ಮಡಿವಾಳ ಹಕ್ಕಿಯ ಹಾಡನ್ನು ಕೇಳಿಸಿದಳು. ಮೊದಲನೆಯದು ದೂರದಿಂದ ಧ್ವನಿಮುದ್ರಿಸಿದ್ದು, ಕಟ್ಟಡಗಳಿಗೆ ಬಡಿದು ಮಸುಕಾದ ಹಾಡು. ಎಷ್ಟು ಜೋರು ಮಾಡಿದರೂ ಮರದ ಮೇಲಿನ ಹಕ್ಕಿ ಕತ್ತು ಹೊರಳಿಸಲಿಲ್ಲ. ಎರಡನೆಯದು ಹತ್ತಿರದಿಂದ ಧ್ವನಿಮುದ್ರಿಸಿದ್ದು, ಸ್ವರಸ್ವರವೂ ಸ್ಫುಟ. ಅದನ್ನು ಮೆಲ್ಲಗೆ ಹಾಕಿದೊಡನೆ ಹಕ್ಕಿ ಬಾಲವೆತ್ತಿ ಅವಳ ಕೈಯ ಮೇಲೆಯೇ ಎರಗಿತು.

"ಅಜ್ಜ, ಆವಾಜ್ ಎಷ್ಟು ಬಡಾ ಅಂತ ಅದು ನೋಡುದಿಲ್ಲ. ಕಿತನಾ ಸಾಫ್ ಉಂಟು, ಅದೇ ನೋಡ್ತದೆ. ಸಾಫ್ ಇದ್ರೆ ದುಶ್ಮನ್ ಪಾಸ್‌ನಲ್ಲೇ ಇದ್ದಾನೆ ಅಂತ!"

ಅವಳ ಮಾತನ್ನು ತಿದ್ದಲು ಬಾಯಿ ತೆರೆದವನು ಅದನ್ನೇ ನನ್ನ ಕನ್ನಡದಲ್ಲಿ ಹೇಳಿಕೊಂಡೆ: ದನಿ ಸ್ಫುಟವಾಗಿದ್ದರೆ ವೈರಿ ಹತ್ತಿರದಲ್ಲೇ ಇದ್ದಾನೆ. ಹೇಳಿದ್ದು ನಿಜವಾಗಿತ್ತು.

ನಾಳೆಯೇ ಅಣ್ಣುವಿಗೆ ತಿಳಿಸುವೆ. ಧ್ವನಿವರ್ಧಕ ಅವನಿಗಿರಲಿ, ವೇದಿಕೆಯೂ ಇರಲಿ. ನಾನು ಮಕ್ಕಳ ಸಾಲುಗಳ ನಡುವೆ ನಿಂತು, ಒಂದೊಂದು ಅಕ್ಷರವನ್ನೂ ತೊಳೆದಿಟ್ಟಂತೆ ನುಡಿಯುತ್ತೇನೆ. ಎಪ್ಪತ್ತೊಂಬತ್ತರ ಈ ಕಂಠ ಸಣ್ಣದಾಗಿದೆ, ಮಸುಕಾಗಿಲ್ಲ. ಮಕ್ಕಳು ನಗಲಿ, ಬೇಕಾದರೆ ಮೇಲೆ ಎರಗಲಿ. ಕತ್ತು ಹೊರಳಿಸಿದರೆ ಸಾಕು.

ಮೊದಲ ವಾಕ್ಯ ಹೀಗಿರಲಿ: ಮಕ್ಕಳೇ, ನಾನು ಇಲ್ಲಿಯೇ, ನಿಮ್ಮ ಪಕ್ಕದಲ್ಲಿಯೇ ಇದ್ದೇನೆ.