ಎಲ್ಲಿಗೂ ಹೋಗದ ರಸ್ತೆಯಲ್ಲಿ ಎರಡು ದಿನ

ಮನೆಯಿಂದ,
ಭಾನುವಾರ, ಊಟವಾದ ಮೇಲೆ

ಪ್ರೀತಿಯ ಸೊಸೆಗೆ ಅತ್ತೆಯ ತುಂಬುಮನಸ್ಸಿನ ಹಾರೈಕೆ.

ಹೇಗಿದ್ದೀಯ ಮಗೂ? ಕಾಲಿನ ಊತ ಇಳಿಯಿತೇ? ಎಡಮಗ್ಗುಲಲ್ಲೇ ಮಲಗಬೇಕೆಂದು ಡಾಕ್ಟರಮ್ಮ ಹೇಳಿದ್ದನ್ನು ಕೇಳುತ್ತಿದ್ದೀಯ ತಾನೇ? ಹೊಟ್ಟೆಯೊಳಗಿನ ಸಾಹೇಬರೋ ಮೇಮ್‌ಸಾಹೇಬರೋ ಈಗಲೂ ಊಟದ ಹೊತ್ತಿಗೇ ಒದೆಯುವುದಾದರೆ ಅದು ನಮ್ಮ ಕಡೆಯ ಬುದ್ಧಿ, ಬೇಸರ ಮಾಡಿಕೊಳ್ಳಬೇಡ. ನಿನ್ನ ಫೋನನ್ನೂ ಕಂಪ್ಯೂಟರನ್ನೂ ನಿಮ್ಮಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆಂದು ಕೇಳಿದೆ. ಒಳ್ಳೆಯದೇ ಮಾಡಿದರು. ಅವರ ಮನೆ ಆಸ್ಪತ್ರೆಗೆ ಹತ್ತಿರ ಎಂದು ನಿನ್ನನ್ನು ಅಲ್ಲಿಗೆ ಕಳಿಸಿದ್ದು ನನಗೇನೂ ಖುಷಿಯ ಸಂಗತಿಯಲ್ಲ, ಆದರೆ ಅವರಷ್ಟು ಗಟ್ಟಿಯಾಗಿ ಬೀಗ ಹಾಕಲು ನನ್ನಿಂದ ಆಗುತ್ತಿರಲಿಲ್ಲ. ಹಾಗಾಗಿ ಹೈಸ್ಕೂಲು ಮುಗಿದ ಮೇಲೆ ಇಷ್ಟುದ್ದ ಏನನ್ನೂ ಬರೆಯದ ಕೈ ಇವತ್ತು ಬರೆಯುತ್ತಿದೆ. ಮಲಗಿಕೊಂಡೇ ಓದು. ಎದ್ದು ಕೂತರೆ ನನಗೆ ಇಲ್ಲಿಂದಲೇ ಗೊತ್ತಾಗುತ್ತದೆ.

ನಿನ್ನ ಹ್ಯಾಕಥಾನ್ ನಡೆಯಿತು. ನಡೆಸಿದವಳು ನಾನೇ. ಟ್ರಾಫಿಕ್ ಸಿಗ್ನಲ್ ಕಂಬಕ್ಕೆ ಬಣ್ಣ ಬಳಿಯುವುದರಿಂದ ಹಿಡಿದು ಲಾರಿಗೆ ಏರಿಸುವತನಕ ನಮ್ಮ ಈ ಕಂಪನಿಯ ಎಲ್ಲ ಕೆಲಸವನ್ನೂ ನಾನು ನಿಂತು ನೋಡಿದವಳು. ಆದರೆ ದೀಪ ಯಾವಾಗ ಕೆಂಪಾಗಬೇಕು, ಯಾವಾಗ ಹಸಿರಾಗಬೇಕು ಎಂದು ಅದಕ್ಕೆ ಬುದ್ಧಿ ಬರೆಯುವ ನಿನ್ನ ಡೆವಲಪರ್‌ಗಳ ಕೋಣೆಗೆ ಮಾತ್ರ ಕಾಲಿಟ್ಟಿರಲಿಲ್ಲ. ಹ್ಯಾಕ್ ಎಂದರೆ ಕಳ್ಳರ ಕಸುಬು ಎಂದು ಪೇಪರಿನಲ್ಲಿ ಓದಿದ್ದೆ. ನಮ್ಮ ಮನೆಯಲ್ಲಿ ನಾವೇ ಅದಕ್ಕೊಂದು ಕೂಟ ಮಾಡುವುದೇ ಎಂದು ಗೊಣಗಿಕೊಂಡೇ ಒಳಗೆ ಹೋದೆ. ಗಾಜಿನ ಗೋಡೆಯ ಮೇಲೆ ನೀನು ಅಂಟಿಸಿಟ್ಟ ಬಣ್ಣದ ಚೀಟಿಗಳು ಫ್ಯಾನಿನ ಗಾಳಿಗೆ ಮೆಲ್ಲಗೆ ರೆಕ್ಕೆ ಬಡಿಯುತ್ತಿದ್ದವು. ಒಂದೊಂದಾಗಿ ಓದಿದೆ. ಎರಡು ದಿನ ಮೇಲಿನವರು ಯಾರೂ ಕೆಲಸ ಹೇಳಕೂಡದು. ತಂಡಗಳು ತಮಗೆ ತೋಚಿದ್ದನ್ನು ಮಾಡಲಿ. ಸಂಜೆಗೆ ಎಲ್ಲರೂ ಮನೆಗೆ ಹೋಗಲಿ. ಕೊನೆಗೆ ಅಂಗಳದಲ್ಲಿರುವ ಪರೀಕ್ಷೆಯ ಚೌಕದಲ್ಲಿ ಮಾಡಿ ತೋರಿಸಲಿ. ಗೆದ್ದದ್ದು ನಿಜವಾದ ರಸ್ತೆಗೆ ಹೋಗಬೇಕು. ಇಷ್ಟೇ. ಕೂತು ಯೋಚಿಸಿದರೆ ಇದು ಕಳ್ಳರ ಕೂಟವಲ್ಲ, ಸ್ಕೂಲಿನಲ್ಲಿ ಮೇಷ್ಟ್ರು ಬರದ ದಿನದ ಹಾಗೆ ಇದೆಯಲ್ಲ ಅನ್ನಿಸಿ ನಗು ಬಂತು.

ನಾನು ಯಾಕೆ ಇದಕ್ಕೆ ಕೈ ಹಾಕಿದೆ ಎಂದು ನಿನಗೆ ಗೊತ್ತಾಗಬೇಕು. ನೀನು ಹೋದ ಮೇಲೆ ನಿನ್ನ ಗಂಡ ಆ ಹೊಸ ಮ್ಯಾನೇಜರನ್ನು ನಿನ್ನ ಕುರ್ಚಿಯಲ್ಲಿ ಕೂರಿಸಿದ. ಸದ್ಯಕ್ಕೆ ಎಂದ. ಕೂತಾಗಲೂ ನಿಂತಾಗಲೂ ಅಂಗಿಯ ಮೇಲೊಂದು ಗೆರೆ ಮೂಡದ ಆ ಮನುಷ್ಯನಿಗೆ ನಾನು ಇಸ್ತ್ರಿ ಎಂದು ಹೆಸರಿಟ್ಟಿದ್ದೇನೆ. ವಾರ ಕಳೆಯುವಷ್ಟರಲ್ಲಿ 'ಸದ್ಯಕ್ಕೆ' ಎಂಬ ಮಾತು ಮಾಯವಾಯಿತು. ತಿಂಡಿಗೆ ಕೂತಾಗ ನಿನ್ನ ಗಂಡ, ಹ್ಯಾಕಥಾನ್ ಹೇಗಾಗುತ್ತೋ ನೋಡಿ ತೀರ್ಮಾನ ಮಾಡೋಣ ಎಂದ. ಚೆನ್ನಾಗಿ ನಡೆದರೆ, ಅವಳಿಲ್ಲದೆಯೂ ನಡೆಯುತ್ತದೆ ಎನ್ನುತ್ತಾನೆ. ಕೆಟ್ಟು ಕೂತರೆ, ಅವಳ ಯೋಜನೆಯೇ ಸರಿಯಿರಲಿಲ್ಲ ಎನ್ನುತ್ತಾನೆ. ಎರಡು ಕಡೆಯಿಂದಲೂ ನಿನ್ನ ಕುರ್ಚಿಯೇ ಹೋಗುವ ಲೆಕ್ಕ. ನನ್ನ ಮಗ ಕೆಟ್ಟವನಲ್ಲ, ನಿನಗೂ ಗೊತ್ತು. ಹೆಂಡತಿಗೆ ಸುಖ ಕೊಡುತ್ತಿದ್ದೇನೆ ಎಂದುಕೊಂಡೇ ಅವಳ ಕೆಲಸ ಕಿತ್ತುಕೊಳ್ಳುವಷ್ಟು ಒಳ್ಳೆಯವನು. ಹಾಗಾದರೆ ನಾನೇ ನಡೆಸುತ್ತೇನೆ ಎಂದೆ. ಅವನ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು.

ತಪ್ಪು ಮಾಡಲಿಲ್ಲ ಎನ್ನುವುದಿಲ್ಲ. ಊಟಕ್ಕೆ ಒಟ್ಟಿಗೆ ಕೂರುವವರು ಒಂದೇ ತಂಡದಲ್ಲಿರಕೂಡದು ಎಂದು ಅಪ್ಪಣೆ ಕೊಟ್ಟೆ. ಹರಟೆ ತಪ್ಪುತ್ತದೆ ಎಂಬುದು ನನ್ನ ಬುದ್ಧಿವಂತಿಕೆ. ಮೊದಲ ದಿನ ಮಧ್ಯಾಹ್ನದತನಕ ಹೊಸ ಬೀಗರು ಎದುರುಬದುರು ಕೂತ ಹಾಗೆ ಎಲ್ಲರೂ ಮುಖ ತಗ್ಗಿಸಿಕೊಂಡು ಕೂತರು. ಕೋಣೆಯಲ್ಲಿ ಕೀಲಿಗಳ ಟಕಟಕ ಮಾತ್ರ, ದೂರದಲ್ಲೆಲ್ಲೋ ತಗಡಿನ ಮೇಲೆ ಹನಿ ಬಿದ್ದ ಹಾಗೆ. ಎಲ್ಲರ ಪ್ರೋಗ್ರಾಮಿನಲ್ಲೂ ತಪ್ಪು ಹುಡುಕುವ ಆ ಹುಡುಗಿ ಇದ್ದಾಳಲ್ಲ, ನೀವೆಲ್ಲ ಕನ್ನಡಕ ಎಂದು ಕರೆಯುವವಳು, ಅವಳೇ ಕೊನೆಗೆ ಬಂದು, "ದೊಡ್ಡಮ್ಮ, ಬೈಬೇಡಿ. ಜಗಳ ಆಡೋಕಾದ್ರೂ ಪರಿಚಯ ಬೇಕಲ್ವಾ?" ಎಂದಳು. ಅಪ್ಪಣೆ ಹಿಂದಕ್ಕೆ ತೆಗೆದುಕೊಂಡು ಅಭ್ಯಾಸವಿಲ್ಲ ನನಗೆ. ಗಂಟಲು ಸರಿಮಾಡಿಕೊಂಡು, ಬೇಕಾದವರು ಬೇಕಾದಲ್ಲಿ ಕೂರಬಹುದು ಎಂದೆ. ಕುರ್ಚಿಗಳು ಎಳೆದಾಡಿದ ಸದ್ದಿಗೆ ಕಟ್ಟಡವೇ ಎದ್ದು ಕೂತಿತು.

ನಿನ್ನ ಗಂಡ ಸುಮ್ಮನಿರಲಿಲ್ಲ. ಗಿರಾಕಿಗಳ ಹಳೆಯ ದೂರುಗಳನ್ನೆಲ್ಲ ಹೊತ್ತು ತಂದು, "ಹೇಗೂ ಎರಡು ದಿನ ಕೂತಿರ್ತಾರಲ್ಲಮ್ಮ, ಇದನ್ನೂ ಮಾಡಿಸಿಬಿಡೋಣ" ಎಂದ. ಸೊಸೆ ಕೊಟ್ಟ ಮಾತು ಮನೆಯ ಮಾತು ಎಂದು ಹೇಳಿ ಬಾಗಿಲು ಹಾಕಿಕೊಂಡೆ. ಬೆಳಗಿನತನಕ ಕೂರುತ್ತೇವೆ ಎಂದು ಕೆಲವರು ಗೋಗರೆದರು. ಕಣ್ಣು ಕೆಂಪಗೆ ಮಾಡಿಕೊಂಡವನು ಬರೆದ ದೀಪದ ಕೆಳಗೆ ನನ್ನ ಮೊಮ್ಮಗು ನಡೆಯಕೂಡದು ಎಂದು ಅವರನ್ನೂ ಓಡಿಸಿದೆ.

ಎರಡನೆಯ ದಿನ ಮಧ್ಯಾಹ್ನ ಎಲ್ಲರೂ ಅಂಗಳಕ್ಕೆ ಬಂದೆವು. ಆ ಚೌಕವನ್ನು ನಾನು ದಿನಾ ದಾಟುತ್ತೇನೆ, ಆದರೆ ನಿಂತು ನೋಡಿದ್ದು ಅವತ್ತೇ. ದೀಪಗಳನ್ನು ಪರೀಕ್ಷಿಸಲೆಂದು ನಿಮ್ಮ ಮಾವ ಹಾಕಿಸಿದ ನಾಲ್ಕು ತುಂಡು ರಸ್ತೆ. ಎಲ್ಲಿಂದಲೂ ಬರುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ, ಗೋಡೆಯ ಬುಡಕ್ಕೆ ಬಂದು ಮುಗಿದುಹೋಗುತ್ತದೆ. ಯಾರಿಲ್ಲದಿದ್ದರೂ ದೀಪಗಳು ಕೆಂಪಾಗಿ ಹಳದಿಯಾಗಿ ಹಸಿರಾಗಿ, ತಮ್ಮಷ್ಟಕ್ಕೆ ತಾವು ಏನನ್ನೋ ನೆನಪಿಸಿಕೊಳ್ಳುತ್ತಿರುವಂತೆ ಉರಿಯುತ್ತಿರುತ್ತವೆ. ಒಂದು ತಂಡ ಕೆಂಪು ದೀಪ ಥಟ್ಟನೆ ಆರದೆ, ಮುಂಜಾವು ಹರಿದ ಹಾಗೆ ನಿಧಾನಕ್ಕೆ ಹಸಿರಾಗುವಂತೆ ಮಾಡಿತ್ತು. ಇದರಿಂದ ಏನುಪಯೋಗ ಎಂದು ಇಸ್ತ್ರಿ ಕೇಳಿದ. ಎಲ್ಲರೂ ಬಾಯಿ ತೆರೆದು ನೋಡುತ್ತಿದ್ದರು. ನಾನೂ.

ಇನ್ನೊಂದು ತಂಡಕ್ಕೆ ದಾಟಿ ತೋರಿಸಲು ಒಬ್ಬರು ಬೇಕಾಗಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಗುಟ್ಟು ಹೊರಬಿತ್ತು. ಆಫೀಸಿಗೆ ಹೋಗುವಾಗ ನಾನು ಈ ಚೌಕ ದಾಟುವುದನ್ನು ಕ್ಯಾಮೆರಾದಲ್ಲಿ ನೋಡಿ ನೋಡಿ ನನ್ನ ನಡಿಗೆಯ ಅಳತೆ ತೆಗೆದಿದ್ದಾರೆ. ಎಷ್ಟೇ ನಿಧಾನಕ್ಕೆ ನಡೆದರೂ, ದಾಟುವವರು ಆಚೆ ಸೇರುವತನಕ ಅವರ ಪಾಲಿನ ಹಸಿರು ಆರುವುದಿಲ್ಲ. ಅವರ ಪ್ರೋಗ್ರಾಮಿನಲ್ಲಿ ಅತಿ ನಿಧಾನದ ವೇಗಕ್ಕೆ 'ದೊಡ್ಡಮ್ಮ' ಎಂದೇ ಹೆಸರು. ನನಗೆ ಮೈಯೆಲ್ಲ ಉರಿದುಹೋಯಿತು. ಈ ಕಂಪನಿಯ ಮೊದಲ ಕಂಬ ನೆಟ್ಟಾಗ ಹಗ್ಗದ ಒಂದು ತುದಿ ಹಿಡಿದವಳು ನಾನು. ನಾನು ನಿಧಾನವೇ? ನೋಡಿಯೇ ಬಿಡೋಣ ಎಂದು ಇಳಿದೆ. ನಡುಮಧ್ಯಕ್ಕೆ ಹೋಗಿ, ಬೇಕೆಂದೇ, ನಿಂತುಬಿಟ್ಟೆ.

ಆಮೇಲೆ ಆದದ್ದನ್ನು ಹೇಗೆ ಬರೆಯಲಿ? ದೀಪ ಹಸಿರಾಗಿಯೇ ಇತ್ತು. ಸಾಮಾನು ಸಾಗಿಸುವ ಗಾಡಿ ಒಂದು ಕಡೆ ನಿಂತಿತ್ತು. ಗೇಟಿನಿಂದ ಅಂಗಳಕ್ಕೆ ಬಂದು, ಚೌಕ ಹಾದು ಆಫೀಸಿಗೆ ಹೊರಟಿದ್ದ ನಿನ್ನ ಗಂಡನ ಕಾರು ಇನ್ನೊಂದು ಕಡೆ, ಕೆಂಪಿನೆದುರು. ಮೋಡದ ನೆರಳೊಂದು ಬಂದು ನನ್ನ ಪಾದದ ಬಳಿ ಕೂತಿತು, ಎದ್ದು ಹೋಯಿತು. ಇಡೀ ಜೀವಮಾನ ನಾನು ಬೇಗ ಬೇಗ ದಾಟಿದವಳು ಮಗೂ, ಯಾರದೋ ಗಾಡಿ ಬಂದೀತು ಎಂದು ಮಕ್ಕಳನ್ನು ದರದರ ಎಳೆದುಕೊಂಡು. ಮೊದಲ ಸಲ ರಸ್ತೆಯೊಂದು ನನಗಾಗಿ ಕಾದು ನಿಂತಿತ್ತು. ಕಾಲಿನ ಕೆಳಗೆ ನೆಲವಿಲ್ಲವೇನೋ, ತೇಲುತ್ತಿದ್ದೇನೇನೋ ಅನ್ನಿಸಿತು. ಅಲ್ಲಿ ಮಲಗಿ ಸೂರು ನೋಡುತ್ತಿರುವ ನಿನ್ನ ನೆನಪಾಯಿತು. ಎಷ್ಟು ಹೊತ್ತು ನಿಂತೆನೋ. ನಿನ್ನ ಗಂಡ ಕಿಟಕಿಯಿಂದ ತಲೆ ಹಾಕಿ, "ಅಮ್ಮಾ, ದಾಟಮ್ಮಾ, ನನಗೆ ಮೀಟಿಂಗಿದೆ" ಎಂದ. ಇರಲಿ ಬಿಡು ಎಂದೆ.

ಆಗ ಕನ್ನಡಕದ ಹುಡುಗಿ ಮೆಲ್ಲಗೆ ಕೇಳಿದಳು, ಯಾರಾದರೂ ಹೀಗೇ ನಿಂತುಬಿಟ್ಟರೆ ಊರಿನ ಗತಿಯೇನು ಎಂದು. ಅದನ್ನು ತಂಡದವರು ಯೋಚಿಸಿರಲೇ ಇಲ್ಲ. ಇಸ್ತ್ರಿ ಎರಡು ದಿನವೂ ಅವರ ಬೆನ್ನ ಹಿಂದೆ ಓಡಾಡಿ, ಭೇಷ್ ಭೇಷ್ ಎಂದಿದ್ದ ಅಷ್ಟೆ. ತಂಡದ ಹಿರಿಯವನು ತಲೆ ಕೆರೆದುಕೊಂಡು, "ಮೇಡಂ ಇದ್ದಿದ್ರೆ ಮೊದಲ್ನೇ ದಿನಾನೇ ಕೇಳ್ತಿದ್ರು" ಎಂದ. ಯಾರಿಗೂ ಚುಚ್ಚಲೆಂದು ಆಡಿದ ಮಾತಲ್ಲ, ಹೊಟ್ಟೆ ಹಸಿವು ಎಂದು ಹೇಳುವಷ್ಟು ಸರಳವಾಗಿ ಹೇಳಿದ. ಕಾರಿನ ಕಿಟಕಿ ಇಳಿದೇ ಇತ್ತು. ನಿನ್ನ ಗಂಡನಿಗೂ ಕೇಳಿಸಿತು.

ಅವರಿಗೇ ಗೆಲುವು ಕೊಟ್ಟೆ, ಕೊರತೆ ತುಂಬಿದ ಮೇಲೆಯೇ ರಸ್ತೆಗೆ ಎಂದು ಹೇಳಿ. ದೊಡ್ಡಮ್ಮ ಎಂಬ ಹೆಸರು ತೆಗೆಯಬೇಕೇ ಎಂದು ಕೇಳಿದರು. ಮುಟ್ಟಿದರೆ ನೋಡಿ ಎಂದೆ. ಮನೆಯಲ್ಲಿ ನಿನ್ನ ಗಂಡ, ಕೇಳಬೇಕಾದ ಪ್ರಶ್ನೆಗಳನ್ನು ಹೊಸಬರೂ ಕಲಿಯಬಹುದಲ್ಲ ಎಂದು ರಾಗ ಎಳೆದ, ಆದರೆ ಮೊದಲಿನ ಜೋರಿರಲಿಲ್ಲ.

ನಿಮ್ಮಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಬೇಸರವಾದರೆ ಅಳು, ಆದರೆ ಊಟ ಬಿಡಬೇಡ. ನೀನೂ ನಿನ್ನೊಳಗಿರುವವರೂ ನೂರು ವರ್ಷ ಸುಖವಾಗಿರಿ.

ಇಂತು,
ನಿನ್ನ ಅತ್ತೆ

ಮರೆತಿದ್ದೆ: ಇಸ್ತ್ರಿಯನ್ನು ನಿನ್ನ ಜಾಗದಲ್ಲಿ ಕಾಯಂ ಮಾಡುವ ಮಾತು ನಾಳೆ ಬೆಳಿಗ್ಗೆ ಮೀಟಿಂಗಿಗೆ ಬರುತ್ತದೆ. ನಾನು ಒಪ್ಪದೆ ಅದು ಆಗುವುದಿಲ್ಲ. ಬೇಡ ಎಂದು ಈಗಲೇ ಹೇಳಿಬಿಡಲು ಹೊರಟವಳು ತಡೆದುಕೊಂಡೆ. ನಿನಗೆ ವಿಶ್ರಾಂತಿ ಬೇಕು ಎಂದು ನಿನ್ನ ಗಂಡ ಹೇಳಿದ. ಇನ್ನು ಕೆಲಸ ಸಾಕು ಎಂದು ನಿಮ್ಮಮ್ಮ ಹೇಳಿದರು. ನೀನು ವಾಪಸು ಬರಲೇಬೇಕು ಎಂದು ನಾನು ಹಟ ಹಿಡಿದೆ. ನಿನ್ನನ್ನು ಕೇಳಿದವರು ಒಬ್ಬರೂ ಇಲ್ಲ. ಈಗ ಕೇಳುತ್ತಿದ್ದೇನೆ. ಬರುತ್ತೀಯಾ? ಕಾಗದ ತಂದ ಡ್ರೈವರ್‌ಗೆ ಅಲ್ಲೇ ಹೊರಗೆ ಕೂತಿರಲು ಹೇಳಿದ್ದೇನೆ. ಹೌದೋ ಇಲ್ಲವೋ, ಒಂದು ಪದ ಸಾಕು, ನಿನ್ನ ಕೈಯಲ್ಲೇ ಬರೆ. ಯಾವುದನ್ನು ಬರೆದರೂ, ಮೀಟಿಂಗಿನಲ್ಲಿ ಅದೇ ನನ್ನ ಮಾತು.