ಹೊಂಬಳ ಮನೆತನದ ಗ್ರೂಪಿನ ಅಡ್ಮಿನ್ ಅವರಿಗೆ

ಗದಗ
೨೧೬೧ನೆಯ ಇಸವಿ, ಹದಿಮೂರನೆಯ ತಿಂಗಳು, ದಿನಾಂಕ ಒಂಬತ್ತು

ಗೌರವಾನ್ವಿತ ನೀಲಾಂಬಿಕಾ ಹೊಂಬಳ ಅವರಿಗೆ ನಮಸ್ಕಾರ.

ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಭಾಷೆಯನ್ನು ನಿಮ್ಮ ಮನೆಯ ವಾಟ್ಸಾಪ್ ಗ್ರೂಪ್ ಓದಿಯೇ ಕಲಿತೆ. ಬೇಸಿಗೆ ಉದ್ದವಾಗಿ ನಮಗೀಗ ಹದಿಮೂರು ತಿಂಗಳು. ಕಾಲದ ಹಿಂದಕ್ಕೆ ಕಾಗದ ಒಯ್ಯುವ ಹಿಂದಂಚೆಯಲ್ಲಿ ಜೀವಮಾನಕ್ಕೆ ಒಂದೇ ಪತ್ರ, ಅದನ್ನೂ ಸ್ವಂತ ಹಿರಿಯರಿಗೆ ಬರೆಯುವಂತಿಲ್ಲ. ನಾನು ನಿಮ್ಮ ನೆಗೆಣ್ಣಿ ದಾಕ್ಷಾಯಣಿಯವರ ವಂಶದವಳು. ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ.

ಹೆಂಗಸರು ಒಬ್ಬರಿಗೊಬ್ಬರು ಹೇಗೆ ಆಸರೆಯಾಗುತ್ತಾರೆಂಬ ಅಧ್ಯಯನಕ್ಕೆ ಸಂಶೋಧಕರು ಮಾತುಕತೆ ಕೇಳಿದಾಗ ನೀವು ಒಂದು ಮಧ್ಯಾಹ್ನ ಮನಸಾರೆ ಇಡೀ ಗ್ರೂಪನ್ನೇ ಕೊಟ್ಟಿರಿ. ಅಡ್ಮಿನ್ ನೀವೇ, ಇನ್ನು ಯಾರನ್ನು ಕೇಳುವುದು ಅಂದುಕೊಂಡಿರೇನೋ. ಸಂಶೋಧಕರು ಒಳ್ಳೆಯವರೇ, ಹೆಸರುಗಳನ್ನೆಲ್ಲ ಅಳಿಸಿದರು. ಆದರೆ ಅವರ ನಂತರ ಬಂದ ಯಂತ್ರಗಳು ಬರೆಯುವ ಧಾಟಿಯಿಂದಲೇ ಆಳನ್ನು ಗುರುತು ಹಿಡಿದವು. ಆ ಗ್ರೂಪಿನಲ್ಲಿ ದಾಕ್ಷಾಯಣಿಯವರು ಹಿಂದೊಮ್ಮೆ ತವರಿನಿಂದ ಬರೆದ ಒಂದು ಸಾಲಿದೆ: "ಅಕ್ಕಾ, ಹುಡುಗಗ ಮತ್ತ ಫಿಟ್ಸ್ ಬಂದಿತ್ರಿ. ಹೊರಗ ಯಾರಿಗೂ ಹೇಳಬ್ಯಾಡ್ರಿ."

ಈಗ ಪ್ರತಿ ಮಗುವಿಗೂ ಒಂದು ಬೇರುಪಟ್ಟಿ ಇರುತ್ತದೆ. ಹಿರಿಯರು ಬರೆದದ್ದನ್ನೆಲ್ಲ ಸೋಸಿ ಮಗು ಮುಂದೆ ಏನಾದೀತೆಂದು ಹೇಳುವ ಪಟ್ಟಿ. ನನ್ನ ಮಗಳು ಇಬ್ಬನಿಯ ಪಟ್ಟಿಯಲ್ಲಿ ಆ ಸಾಲಿಗೆ ಕೆಂಪು ಗುರುತು ಬಿದ್ದಿದೆ. ಅವಳಿಗೆ ಏಳು ವರ್ಷ, ಒಮ್ಮೆಯೂ ಫಿಟ್ಸ್ ಬಂದಿಲ್ಲ. ಆದರೂ ಸೋಮವಾರ ಅವಳನ್ನು ಕಾವಲುಶಾಲೆಗೆ ಕರೆದೊಯ್ಯುತ್ತಾರೆ. ಅಲ್ಲಿ ಹದಿನೆಂಟು ತುಂಬುವವರೆಗೆ ಮಕ್ಕಳನ್ನು ಬಿಡದೆ ಗಮನಿಸುತ್ತಾರೆ, ತಾಯಂದಿರನ್ನು ಒಳಗೆ ಬಿಡುವುದಿಲ್ಲ. ನಿನ್ನೆ ಅವಳು ತುತ್ತು ಕೈಯಲ್ಲೇ ಹಿಡಿದು ಕಿಟಕಿಯ ಕಡೆ ಎವೆಯಿಕ್ಕದೆ ನೋಡುತ್ತ ಕುಳಿತಿದ್ದಳು. ಫಿಟ್ಸೇ ಬಂತೆಂದು ಓಡಿಹೋಗಿ ಭುಜ ಹಿಡಿದು ಅಲ್ಲಾಡಿಸಿಬಿಟ್ಟೆ. "ಅವ್ವಾ, ನಾ ಗುಬ್ಬಿ ನೋಡಾಕತ್ತಿದ್ನಿ," ಅಂದಳು. ಹೆತ್ತವಳಾಗಿ ನಾನೂ ಅವಳನ್ನು ಆ ಪಟ್ಟಿಯಂತೆಯೇ ನೋಡತೊಡಗಿದ್ದೇನೆ. ಸೋಮವಾರಕ್ಕಿಂತ ನನಗೆ ಅದೇ ಹೆಚ್ಚು ಭಯ.

ಏನನ್ನೂ ಕೊಡಬೇಡಿ ಎನ್ನಲಾರೆ. ಜನ ಹೀಗೆ ಕೊಟ್ಟ ಮಾತುಗಳಿಂದಲೇ ವೈದ್ಯರು ಬಾಣಂತಿಯರ ಖಿನ್ನತೆಯನ್ನು ಮೊದಲೇ ಗುರುತಿಸಲು ಕಲಿತರು. ನಾನು ಬದುಕಿ ಉಳಿದದ್ದು ಹಾಗೆ. ನಿಮ್ಮ ಮಾತುಗಳನ್ನು ಧಾರಾಳವಾಗಿ ಕೊಡಿ. ಈ ಪತ್ರ ಆ ಮಧ್ಯಾಹ್ನವೇ, ನೀವು ಗ್ರೂಪ್ ಕಳುಹಿಸುವ ಮುಂಚೆ, ನಿಮ್ಮ ಕೈ ಸೇರಲಿ. ಅದಕ್ಕೆ ಐದು ನಿಮಿಷ ಮೊದಲು ದಾಕ್ಷಾಯಣಿಯವರು ಬಿಸಿ ರೊಟ್ಟಿಯ ಫೋಟೊ ಹಾಕಿ ನಿಮ್ಮನ್ನು ಊಟಕ್ಕೆ ಕರೆದಿದ್ದಾರೆ. ಅವರು ನಿಮ್ಮ ಅಡುಗೆಮನೆಯಲ್ಲೇ ಇದ್ದಾರೆ. ಫೋನ್ ಕೆಳಗಿಟ್ಟು, ಎದ್ದು ಹೋಗಿ, ಅವರನ್ನು ಒಂದು ಮಾತು ಕೇಳಿ.

ಇಬ್ಬನಿಯ ತಾಯಿ